ಭಾರವಿಲ್ಲದ ರಜಾಯಿ

ಹತ್ತಿಯಣ್ಣನ ಅಂಗಡಿಗೆ ರಜಾಯಿ ಕೊಳ್ಳಲು ಬಂದವರು ಮೊದಲು ಎರಡೂ ಕೈ ಚಾಚಬೇಕಿತ್ತು. ಬಣ್ಣ, ಅಂಚು, ಹೊಲಿಗೆಯ ಮಾತೆಲ್ಲ ಆಮೇಲೆ. ಅವನು ಮಡಿಸಿಟ್ಟ ರಜಾಯಿಯನ್ನು ಎತ್ತಿ ಅವರ ಕೈಮೇಲೆ ದೊಪ್ಪನೆ ಹಾಕುತ್ತಿದ್ದ. ಬಂದವರು ಭಾರಕ್ಕೆ ಒಂದು ಹೆಜ್ಜೆ ಹಿಂದಕ್ಕೆ ವಾಲಿದರೆ ಅವನ ಮುಖ ಅರಳುತ್ತಿತ್ತು.

"ಹೊದ್ಕೊಂಡ್ರೆ ಹೊದ್ದಿದೀನಿ ಅಂತ ಮೈಗೆ ಗೊತ್ತಾಗ್ಬೇಕು. ಗೊತ್ತಾಗ್ದೇ ಇದ್ರೆ ಅದು ರಜಾಯಿ ಅಲ್ಲ, ಕರವಸ್ತ್ರ," ಎನ್ನುತ್ತಿದ್ದ.

ಅಪ್ಪನಿಂದ ಬಂದ ಕೆಲಸ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಹತ್ತಿ ಹಿಂಜುವ ಯಂತ್ರ ಮೂಲೆಯಲ್ಲಿತ್ತು. ಅದು ಓಡುವಾಗ ಎದ್ದ ನವಿರು ಅಂಗಡಿಯ ಗಡಿಯಾರ, ಬಲ್ಬು, ಕಿಟಕಿಯ ಸರಳು ಯಾವುದನ್ನೂ ಬಿಡದೆ ಕೂರುತ್ತಿತ್ತು, ಹತ್ತಿಯಣ್ಣನ ಹುಬ್ಬಿನಲ್ಲೂ. ಚಿಕ್ಕ ವಯಸ್ಸಿನಲ್ಲೇ ಅವನ ಹುಬ್ಬು ಬೆಳ್ಳಗೆ ಕಾಣುತ್ತಿತ್ತು. ನಿಜವಾಗಿ ನರೆತ ಮೇಲೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅವನ ಹೆಂಡತಿ ಮದುವೆಗೆ ಮುಂಚೆ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುತ್ತಿದ್ದಳು. ಆ ಕಿಟಕಿಯ ಅರ್ಧಚಂದ್ರದ ತೂತಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ಬರೀ ಕೈಗಳು. ಒಂದು ಕೈ ಮಾತ್ರ ಪ್ರತಿ ವಾರವೂ ಬರುತ್ತಿತ್ತು, ಬೆರಳ ಸಂದಿಯಲ್ಲೆಲ್ಲ ಬಿಳಿ ನವಿರು ಅಂಟಿಸಿಕೊಂಡು. ಕೊನೆಗೊಂದು ದಿನ ಅವಳು ಒಳಗಿನಿಂದಲೇ, "ಯಾರ್ರೀ ಅದು, ಕೈಗೆ ಮೀಸೆ ಬಂದಿರೋದು?" ಎಂದು ಕೇಳಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹತ್ತಿಯಣ್ಣ ಚಿತ್ರ ನೋಡದೆ ಹೊರಗೇ ನಿಂತ, ಕಿಟಕಿ ಮುಚ್ಚಿ ಅವಳು ಆಚೆ ಬರುವವರೆಗೆ.

ಮದುವೆಗೆಂದು ಅವನು ಒಂದು ರಜಾಯಿ ಹೊಲಿದ. ಅಷ್ಟು ಭಾರದ ಇನ್ನೊಂದನ್ನು ಅವನು ಆಮೇಲೆಂದೂ ಹೊಲಿಯಲಿಲ್ಲ. "ಅದನ್ನ ಹೊದ್ದು ಮಗ್ಗುಲು ಬದಲಿಸ್ಬೇಕು ಅಂದ್ರೆ ಇಬ್ರೂ ಮಾತಾಡಿ ಒಪ್ಕೊಂಡು ಒಟ್ಟಿಗೇ ಬದಲಿಸ್ಬೇಕು. ಜಗಳ ಆಡೋಕೆ ಆಗ್ತಾನೇ ಇರ್ಲಿಲ್ಲ," ಎಂದು ಅವಳು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಒಬ್ಬಳೇ ಮಗಳು. ಅವಳಿಗೆ ಅಪ್ಪನ ಕೈಚಳಕವೂ ಅಮ್ಮನ ಬಾಯಿಯೂ ಬಂದಿದ್ದವು. ಅವಳು ಮದುವೆಯಾದದ್ದು ಊರಾಚೆಯ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವವನನ್ನು. ಅಲ್ಲಿ ಮಂಜುಗಡ್ಡೆಯ ಗೋದಾಮಿನಲ್ಲಿ ದುಡಿಯುವವರಿಗೆ, ಸಮುದ್ರಕ್ಕೆ ಹೋಗುವವರಿಗೆ ಚಳಿಯ ಅಂಗಿಗಳನ್ನು ಹೊಲಿಯುತ್ತಿದ್ದರು. ಹುಡುಗ ಮಿತಮಾತಿನವನು. ಮೊದಲ ಸಲ ಅಂಗಡಿಗೆ ಬಂದಾಗ ಹತ್ತಿಯಣ್ಣ ಅವನ ಕೈಮೇಲೂ ರಜಾಯಿ ಹಾಕಿದ. ಹುಡುಗ ಅಲುಗಾಡದೆ ಹಿಡಿದುಕೊಂಡು, "ತುಂಬಾ ಚೆನ್ನಾಗಿದೆ. ಆದ್ರೆ ಇದನ್ನ ಹೊದ್ಕೊಂಡು ಓಡಾಡಕ್ಕಾಗಲ್ಲ ಅಲ್ವಾ?" ಎಂದ. ತನ್ನ ಕಾರ್ಖಾನೆಯ ಅಂಗಿಗಳನ್ನು ನೆನೆದು, ಏನೂ ಕಲ್ಮಷವಿಲ್ಲದೆ ಆಡಿದ ಮಾತು. ಹತ್ತಿಯಣ್ಣನಿಗೆ ಮಾತ್ರ ಅದು ಅಂಗಾಲಿಗೆ ಚುಚ್ಚಿದ ಸೂಜಿಯ ಹಾಗೆ ಒಳಗೇ ಉಳಿಯಿತು.

ಅಂದಿನಿಂದ ಅವನು ಅಳಿಯನನ್ನು "ಅಳಿಯಂದಿರೇ, ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲೇ ಮಾತಾಡಿಸತೊಡಗಿದ. ಅಷ್ಟೊಂದು ಮರ್ಯಾದೆ ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಳಿಯನಿಗೂ.

ಹೀಗೆ ವರ್ಷಗಳು ಕಳೆದವು. ಒಂದು ಚಳಿಗಾಲದ ಹೊಸ್ತಿಲಲ್ಲಿ ಹೆಂಡತಿಗೆ ಕೆಮ್ಮು ಬಂತು. ಕೆಮ್ಮುತ್ತಾ ಕೆಮ್ಮುತ್ತಾ ಅವಳು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನೋಡಿದರೆ ಪಕ್ಕೆಲುಬು ಸೀಳಿತ್ತು. ಬರೀ ಕೆಮ್ಮಿಗೆ. ಮೂಳೆಗಳು ಒಳಗೊಳಗೇ ಟೊಳ್ಳಾಗಿವೆ, ಇನ್ನು ಮೇಲೆ ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳಿ ಎಂದರು ವೈದ್ಯರು. ರಕ್ತವೂ ಕಡಿಮೆಯಿತ್ತು, ಮೈಯೂ ಇಳಿದುಹೋಗಿತ್ತು. ಅವಳಿಗೆ ಯಾವಾಗಲೂ ಚಳಿ. ಬಿಸಿಲಲ್ಲಿ ಕೂತರೂ ಕಾಲು ಮಂಜು.

ಹತ್ತಿಯಣ್ಣ ಹೆದರಲಿಲ್ಲ. ಚಳಿಗೆ ಮದ್ದು ತನ್ನ ಅಂಗಡಿಯಲ್ಲೇ ಇದೆಯಲ್ಲ! ಮದುವೆಯ ರಜಾಯಿಯನ್ನು ಬಿಚ್ಚಿ, ಹತ್ತಿಯನ್ನು ಮತ್ತೆ ಹಿಂಜಿ, ಹೊಸ ಹತ್ತಿಯನ್ನೂ ಸೇರಿಸಿ, ಇನ್ನಷ್ಟು ದಪ್ಪ ಮಾಡಿ ಹೊದಿಸಿದ. ಅವಳ ಪಕ್ಕೆಗೆ ಕೈಕಾಲು ತಗಲೀತೆಂದು ತಾನು ಇನ್ನೊಂದು ಕೋಣೆಯಲ್ಲಿ ಮಲಗತೊಡಗಿದ. ಅವಳು, "ಆಹಾ, ರಾಣಿ ಆದೆ ನಾನು," ಎಂದಳು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವನು ಮರೆತ ಸೂಜಿಯನ್ನು ತರಲು ಮೇಲೆ ಬಂದ. ನೋಡಿದರೆ ರಜಾಯಿ ಮಂಚದ ಕಾಲ ಬಳಿ ಮಡಿಸಿದ ಹಾಗೇ ಇದೆ. ಹೆಂಡತಿ ಅವನ ಹಳೆಯ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ಮೊಣಕಾಲನ್ನು ಎದೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮೆಟ್ಟಿಲ ಸದ್ದಿಗೆ ಅವಳು ಗಡಬಡಿಸಿ ರಜಾಯಿಯನ್ನು ಎಳೆದುಕೊಳ್ಳಲು ಹೋದಳು. ನೋವಿಗೆ ಮುಖ ಕಿವಿಚಿತು.

"ಯಾಕೆ ಹೊದ್ಕೊಂಡಿಲ್ಲ?"

"ಸೆಕೆ ಆಯ್ತು."

"ಸೆಕೆನಾ? ಈ ಚಳೀಲಿ?"

ಅವಳು ಹಿಡಿದಿದ್ದ ರಜಾಯಿಯ ಅಂಚನ್ನು ಬಿಟ್ಟಳು. "ಬೇಜಾರು ಮಾಡ್ಕೋಬೇಡ್ರೀ. ಭಾರ ಆಗ್ತಿದೆ. ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ. ಉಸಿರು ಎಳ್ಕೊಂಡ್ರೆ ಪಕ್ಕೆ ಚುರುಕ್ ಅನ್ನುತ್ತೆ."

ಹತ್ತಿಯಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಊರಿಗೆಲ್ಲ ಹೊದಿಸಿದವನು ಹೆಂಡತಿಯ ಮೇಲೆ ನೋವನ್ನು ಹೊದಿಸಿದ್ದ. ಅವಳು ಅದನ್ನು ಹೇಳದೆ, ಅವನ ಮನಸ್ಸು ನೋಯಬಾರದೆಂದು, ಇಷ್ಟು ದಿನ ನಡುಗುತ್ತಾ ಮಲಗಿದ್ದಳು. ಅವನು ರಜಾಯಿಯನ್ನು ಹೊತ್ತು ಕೆಳಗಿಳಿದ.

ಅರ್ಧಕ್ಕರ್ಧ ಹತ್ತಿ ತೆಗೆದು ಹೊಲಿದು ನೋಡಿದ. ಹತ್ತಿ ಅಲ್ಲಲ್ಲಿ ಗಂಟುಕಟ್ಟಿ, ನಡುವೆ ಬರೀ ಬಟ್ಟೆ ಉಳಿದು, ಹೊದ್ದರೆ ತೂತು ಬಿದ್ದ ಛಾವಣಿಯ ಕೆಳಗೆ ಮಲಗಿದ ಹಾಗಾಯಿತು. ಮಗಳು ಔಷಧಿ ಅಂಗಡಿಯಿಂದ ಒಂದು ಬೆಳ್ಳಿ ಬಣ್ಣದ ಹಾಳೆ ತಂದಳು. ಅಪಘಾತವಾದವರಿಗೆ ಸುತ್ತುವಂಥದ್ದು, ಆಕಾಶಕ್ಕೆ ಹಾರಿಸುವ ಉಪಗ್ರಹಗಳಿಗೂ ಇದೇ ಜಾತಿಯ ಹಾಳೆ ಹೊದಿಸುತ್ತಾರಂತೆ, ಮೈಯ ಶಾಖವನ್ನು ಕನ್ನಡಿಯ ಹಾಗೆ ಮೈಗೇ ವಾಪಸು ಕಳಿಸುತ್ತದಂತೆ. ಹೊದ್ದು ಮಲಗಿದ ಅಮ್ಮ ಸ್ವಲ್ಪ ಹೊತ್ತಿಗೇ ಕೂಗಿದಳು.

"ಮಾರಾಯ್ತಿ, ಉಸಿರಾಡಿದ್ರೆ ಬಿಸ್ಕತ್ ಪೊಟ್ಟಣ ಬಿಚ್ಚಿದ ಸದ್ದು! ನಿದ್ದೆ ಹೇಗೆ ಬರುತ್ತೆ? ಹಸಿವಾಗುತ್ತೆ ಅಷ್ಟೇ."

ನಕ್ಕರು. ಆದರೆ ಹಾಳೆಯ ಒಳಗೆ ಬೆವರು ನಿಂತು, ಒದ್ದೆ ಬಟ್ಟೆ ಮೈಗಂಟಿ, ಅವಳಿಗೆ ಚಳಿ ಇನ್ನೂ ಜಾಸ್ತಿಯಾಯಿತು. ಹಾಳೆ ಮಡಿಸಿ ಒಳಗಿಟ್ಟರು.

ಆ ವಾರದ ರಜೆಯ ದಿನ ಅಳಿಯ ಒಂದು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ನೇರ ಅಡುಗೆಮನೆಗೆ ಹೋಗಿ ಅತ್ತೆಯ ಎದುರು ಕೂತ. ಸುರುಳಿಯಿಂದ ಅಂಗೈಯಗಲದ ತುಂಡೊಂದನ್ನು ತೆಗೆದ. ಬೆಳ್ಳಗಿತ್ತು. ರಟ್ಟಿಗಿಂತ ಮೆತ್ತಗೆ, ಕಂಬಳಿಗಿಂತ ಬಿರುಸು.

"ಅತ್ತೆ, ಕೈ ಚಾಚಿ," ಎಂದು ಅದನ್ನು ಅವಳ ಅಂಗೈಮೇಲಿಟ್ಟು, ಒಲೆಯಿಂದ ಆಗಷ್ಟೇ ಇಳಿಸಿದ ಚಹಾದ ಲೋಟವನ್ನು ಅದರ ಮೇಲಿಟ್ಟ.

"ಏಯ್, ಸುಟ್ಟೋಗುತ್ತೆ!" ಎಂದು ಹತ್ತಿಯಣ್ಣ ಬಾಗಿಲಿನಿಂದಲೇ ಕೂಗಿದ.

ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. "ರೀ, ಏನೂ ಗೊತ್ತಾಗ್ತಿಲ್ಲ ಕಣ್ರೀ! ಲೋಟ ಇದೆ ಅನ್ನೋದೂ ಮರೆತುಹೋಗೋ ಹಾಗಿದೆ." ಅವಳು ಆ ಕೈಯನ್ನು ಗಂಡನ ಮುಂದೆ, ಮಗಳ ಮುಂದೆ, ಬಹುಮಾನ ಬಂದವಳ ಹಾಗೆ ಆಡಿಸಿದಳು.

ಗ್ರಹಗಳಿಗೆ ಕಳಿಸುವ ಯಂತ್ರಗಳು ಅಲ್ಲಿನ ಚಳಿಗೆ ಕೆಟ್ಟುಹೋಗದಂತೆ ಒಳಗೆ ತುಂಬುವ ವಸ್ತು ಇದೇ ಬಳಗದ್ದು ಎಂದು ಅಳಿಯ ಹೇಳಿದ. ಮೊದಲೆಲ್ಲ ಅದು ಮುಟ್ಟಿದರೆ ಪುಡಿಯಾಗುತ್ತಿತ್ತಂತೆ. ಈಗ ನೂಲಿನೊಳಗೆ ಹಿಡಿದಿಟ್ಟು ಹಾಳೆ ಮಾಡುತ್ತಾರೆ, ಅವರ ಕಾರ್ಖಾನೆಯಲ್ಲಿ ಚಳಿಯ ಅಂಗಿಗೆ, ಬೂಟಿನ ಒಳ ಅಟ್ಟೆಗೆ ಹಾಕುತ್ತಾರೆ. ಮೇಲಿನವರನ್ನು ಕೇಳಿಯೇ ಕತ್ತರಿಸಿ ಉಳಿದ ತುಂಡುಗಳನ್ನು ತಂದಿದ್ದ.

"ಒಳಗೆ ಏನಿದೆ?" ಎಂದು ಹತ್ತಿಯಣ್ಣ ಕೇಳಿದ. ತುಂಡನ್ನು ಬೆಳಕಿಗೆ ಹಿಡಿದು ಮೂಸಿಯೂ ನೋಡಿದ.

"ಹೆಚ್ಚುಕಮ್ಮಿ ಬರೀ ಗಾಳಿ ಮಾವ."

"ಗಾಳಿನಾ!"

"ಹತ್ತೀನೂ ಅದನ್ನೇ ಅಲ್ವಾ ಮಾಡೋದು? ನೀವು ಹಿಂಜಿ ಹಿಂಜಿ ಒಳಗೆ ಗಾಳಿ ಕೂರಿಸ್ತೀರಿ. ಕೂತ ಗಾಳಿ ಶಾಖನ ಆಚೆ ಬಿಡಲ್ಲ. ಇದ್ರಲ್ಲಿ ಗಾಳಿ ಕೂರೋ ಕೋಣೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಗಾಳಿಗೆ ಮಗ್ಗುಲು ಬದಲಿಸೋಕೂ ಜಾಗ ಇಲ್ಲ."

ಮಗಳು ಮೂಲೆಯಲ್ಲಿ ಕಿಸಕ್ಕೆಂದಳು. ಹತ್ತಿಯಣ್ಣನಿಗೆ ನಗು ಬರಲಿಲ್ಲ. ಅವನು ತುಂಡನ್ನು ಮತ್ತೆ ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ. ಹತ್ತಿ ಗಾಳಿ ಹಿಡಿಯುತ್ತದೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಳೆಯ ರಜಾಯಿ ಚಪ್ಪಟೆಯಾಗಿ ಬೆಚ್ಚಗಿಡುವುದು ನಿಂತಾಗ ಗಿರಾಕಿಗಳು ಮತ್ತೆ ಹಿಂಜಿಸಲು ತರುತ್ತಿದ್ದುದೇ ಅದಕ್ಕೆ. ಆದರೂ ತನ್ನ ಕೆಲಸ ಭಾರದ ಕೆಲಸ ಎಂದೇ ನಂಬಿದ್ದ. ಗಾಳಿಯ ಕೆಲಸ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

"ಅಂಗಡಿಗೆ ತನ್ನಿ," ಎಂದ.

ಆ ದಿನವೆಲ್ಲ ಇಬ್ಬರೂ ಅಂಗಡಿಯ ಚಾಪೆಯ ಮೇಲೆ ಕೂತರು. ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಎರಡು ಬಟ್ಟೆಯ ನಡುವೆ ಹೊಲಿದರೆ, ರಜಾಯಿ ಎದ್ದು ನಿಂತಿತು. ಬಾಗಲಿಲ್ಲ, ಮೈಗೆ ಒರಗಲಿಲ್ಲ. ಹೊದ್ದರೆ ಭುಜದ ಎರಡೂ ಕಡೆ ಬೆಕ್ಕು ನುಗ್ಗುವಷ್ಟು ಸಂದಿ. "ಇದು ಹೊದಿಕೆ ಅಲ್ಲ, ಡೇರೆ," ಎಂದು ಹತ್ತಿಯಣ್ಣ ಬಿಚ್ಚಿಹಾಕಿದ. ಕೈಯಗಲದ ಪಟ್ಟಿಗಳಾಗಿ ಕತ್ತರಿಸೋಣವೆಂದು ಅಳಿಯ ಹೇಳಿದ. ಅವನ ಕತ್ತರಿ ಗೆರೆ ಎಳೆಯದೆಯೂ ನೇರ ಓಡುವುದನ್ನು ಹತ್ತಿಯಣ್ಣ ಅಂದು ಮೊದಲ ಸಲ ಗಮನಿಸಿದ. ಪುಡಿ ಒಳಗೆ ಹೋಗದಿರಲೆಂದು ಇಬ್ಬರೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರು. ಆದರೂ ಆ ಪುಡಿ ಬೆರಳಿನ ಪಸೆಯನ್ನೆಲ್ಲ ಹೀರಿ, ಚರ್ಮ ಸೀಮೆಸುಣ್ಣ ಹಿಡಿದ ಹಾಗೆ ಒಣಗುತ್ತಿತ್ತು. ಹಾಗಾಗಿ ಪ್ರತಿ ಪಟ್ಟಿಗೂ ಒತ್ತು ನೇಯ್ಗೆಯ ಬಟ್ಟೆಯ ಚೀಲ ಹೊಲಿದು ಬಾಯಿ ಮುಚ್ಚಿದರು.

ಪಟ್ಟಿ ಪಟ್ಟಿಯ ನಡುವೆ ಹೊಲಿಗೆ ಹಾಕಿದಾಗ ರಜಾಯಿ ಬಳುಕಿತು. ಆದರೆ ಹೊಲಿಗೆ ಬಿದ್ದ ಕಡೆಯೆಲ್ಲ ಚಳಿಗೊಂದು ದಾರಿ.

"ಎರಡು ಪದರ ಮಾಡ್ಬಿಡೋಣ," ಎಂದ ಹತ್ತಿಯಣ್ಣ. "ಇಟ್ಟಿಗೆ ಕಟ್ಟೋ ಹಾಗೆ. ಕೆಳಗಿನ ಸಂದಿ ಮೇಲೆ ಮೇಲಿನ ಪಟ್ಟಿ ಬರ್ಲಿ."

"ಹೌದಲ್ಲ! ಅಂಗಿಗೆ ನಾವು ಹಾಗೆ ಮಾಡಿಲ್ಲ. ತುಂಡು ಸಾಲುತ್ತೆ, ನಾನು ಕತ್ತರಿಸ್ತಾ ಹೋಗ್ತೀನಿ."

"ಕತ್ತರಿಸು. ಅಗಲ ಇಷ್ಟೇ ಇರ್ಲಿ ನೋಡಪ್ಪ."

ಮೇಲಿನಿಂದ ಚಹಾ ತಂದ ಮಗಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. 'ಕತ್ತರಿಸಿ' ಅಲ್ಲ, 'ಕತ್ತರಿಸು' ಅಂದಿದ್ದ ಅಪ್ಪ. ಅಪ್ಪನಿಗೆ ಅದರ ಅರಿವಿರಲಿಲ್ಲ. ಗಂಡನ ಕಿವಿ ಕೆಂಪಾಗಿದ್ದನ್ನು ಮಗಳು ನೋಡಿದಳು. ಚಹಾ ಇಟ್ಟು ಸದ್ದಿಲ್ಲದೆ ಹೋದಳು.

ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆಯನ್ನೇ ಹೊರಗವಸು ಮಾಡಿ ಮುಗಿಸಿದಾಗ, ರಜಾಯಿಯನ್ನು ಅವನು ಎರಡು ಬೆರಳಿನಲ್ಲಿ ಎತ್ತಬಹುದಿತ್ತು. ಎತ್ತಿ, ಅದರ ಹಗುರಕ್ಕೆ ತಾನೇ ನಾಚಿಕೊಂಡವನಂತೆ ಕೆಳಗಿಟ್ಟ.

ಮರುದಿನ ಮಧ್ಯಾಹ್ನ ಅಳಿಯ ಕೆಲಸದಿಂದ ಬಿಡುವು ಮಾಡಿಕೊಂಡು ಬಂದಾಗ, ಹತ್ತಿಯಣ್ಣನ ಹೆಂಡತಿಗೆ ಹೊದಿಸಿ ಮೂವರೂ ಮಂಚದ ಸುತ್ತ ನಿಂತರು. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗೆ.

"ಭಾರ ಆಗುತ್ತಾ?" ಎಂದ ಹತ್ತಿಯಣ್ಣ.

"ಇಲ್ಲಪ್ಪ. ಹೊದಿಸಿದ್ರಾ, ಇನ್ನೂ ಹೊದಿಸ್ಬೇಕಾ?"

ಸ್ವಲ್ಪ ಹೊತ್ತು ಬಿಟ್ಟು ಅಳಿಯ ಕೇಳಿದ: "ಬೆಚ್ಚಗಿದೆಯಾ ಅತ್ತೆ?"

"ಓ, ಬೇಕಾದಷ್ಟು!" ಎಂದಳು ತಕ್ಷಣ.

ಅವಳು ಇಷ್ಟು ಬೇಗ ಹೊಗಳಿದರೆ ಏನೋ ಮುಚ್ಚಿಡುತ್ತಿದ್ದಾಳೆಂದು ಹತ್ತಿಯಣ್ಣನಿಗೆ ಗೊತ್ತು. ಒಳಗೆ ಕೈ ತೂರಿಸಿ ಅವಳ ಪಾದ ಮುಟ್ಟಿದ. ಕಲ್ಲು. ಮೊದಲಿದ್ದ ಹಾಗೇ ತಣ್ಣನೆಯ ಕಲ್ಲು. ಅವನ ಮುಖ ನೋಡಿ ಅಳಿಯನಿಗೆ ಅರ್ಥವಾಯಿತು. ಪಾಪ, ಅವನು ತಲೆ ತಗ್ಗಿಸಿ, "ನಾನೇ ಏನೋ ದೊಡ್ಡದಾಗಿ ಹೇಳ್ಬಿಟ್ಟೆ ಮಾವ," ಎಂದ.

ಒಂದು ಕಾಲಕ್ಕೆ ಈ ಮಾತು ಕೇಳಿದ್ದರೆ ಹತ್ತಿಯಣ್ಣ ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದ. ಈಗ ಅವನಿಗೆ ಹುಡುಗನ ಒಣಗಿ ಬಿರಿದ ಬೆರಳುಗಳೇ ಕಣ್ಣಿಗೆ ಬಿದ್ದವು. "ಹೊಲಿಗೆ ನಂದು, ತಪ್ಪಿದ್ರೆ ನಂದೇ. ನೀನು ಊಟ ಮಾಡಿ ಹೋಗು," ಎಂದ.

ಮಾರನೆಯ ದಿನ ಹೆಂಡತಿ ಬಿಸಿಲು ಬೀಳುವ ಕಿಟಕಿಯ ಬಳಿ ಕೂತಿದ್ದಾಗ, ತಪ್ಪೆಲ್ಲಿದೆ ಎಂದು ನೋಡಲು ಹತ್ತಿಯಣ್ಣ ತಾನೇ ಆ ರಜಾಯಿ ಹೊದ್ದು ಮಲಗಿದ. ಯಾವ ಸಂದಿಯಿಂದ ಗಾಳಿ ಬರುತ್ತದೆಂದು ಕಾಯುತ್ತಾ, ಬೆರಳಿನಿಂದ ಹೊಲಿಗೆ ಸವರುತ್ತಾ ಇದ್ದವನಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಕೆಳಗೆ ಗಿರಾಕಿ ಕೂಗಿ ಕೂಗಿ ಹೋದರೂ ಎಚ್ಚರವಿಲ್ಲ.

ಹೆಂಡತಿ ಗೋಡೆ ಹಿಡಿದುಕೊಂಡು ಬಂದಳು. "ಅಂಗಡಿ ಬಾಗಿಲು ತೆಗೆದಿಟ್ಟು ಇಲ್ಲಿ ಗೊರಕೆ ಹೊಡೀತಿದೀರಲ್ಲ!" ಎಂದು ಅವನ ತೋಳು ಅಲ್ಲಾಡಿಸಲು ರಜಾಯಿಯೊಳಗೆ ಕೈ ಹಾಕಿದಳು. ಹಾಕಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಅಯ್ಯೋ, ಇಲ್ಲೊಂದು ಒಲೆ ಇದೆಯಲ್ರೀ!"

ಹತ್ತಿಯಣ್ಣ ಕಣ್ಣು ಬಿಟ್ಟ. ಮೈಯೆಲ್ಲ ಬೆವರು. ಅವನಿಗೆ ಅರೆನಿದ್ದೆಯಲ್ಲೇ ಹೊಳೆಯಿತು. ರಜಾಯಿ ಶಾಖ ಕೊಡುವುದಿಲ್ಲ. ಇರುವ ಶಾಖವನ್ನು ಹೋಗಗೊಡುವುದಿಲ್ಲ, ಅಷ್ಟೇ. ಇವಳ ಮೈಯಲ್ಲಿ ಹಿಡಿದಿಡಲು ಶಾಖವೇ ಇರಲಿಲ್ಲ. ಒಂದು ಸಲ ಒಳಗೆ ಹಾಕಿಬಿಟ್ಟರೆ?

"ಬಾ, ಬಾ, ಬೇಗ ಬಾ, ಆರೋಗುತ್ತೆ," ಎಂದು ಅವನು ಪಕ್ಕಕ್ಕೆ ಜರುಗಿದ. ಅವನು ಮಲಗಿದ್ದ ಬಿಸಿ ಜಾಗಕ್ಕೆ ಅವಳು ಇಳಿದಳು. ಅವನು ಎದ್ದು ಕೂತು, ರಜಾಯಿಯನ್ನು ಅವಳ ಕತ್ತಿನ ಸುತ್ತ ಒತ್ತಿ ಮುಚ್ಚಿದ. ಕೆಳಗೆ ಹೋಗಿ ಅಂಗಡಿಯ ಕೆಲಸ ಮುಗಿಸಿ ಸಂಜೆ ದೀಪ ಹಾಕುವ ಹೊತ್ತಿಗೆ ಮೇಲೆ ಬಂದು ಪಾದ ಮುಟ್ಟಿ ನೋಡಿದ. ಬೆಚ್ಚಗಿತ್ತು. ಎಷ್ಟೋ ತಿಂಗಳ ಮೇಲೆ ಅವಳ ಕಾಲು ನೇರ ಚಾಚಿಕೊಂಡಿತ್ತು. ಅವಳು ಬಾಯಿ ತೆರೆದು, ಚಿಕ್ಕ ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಅವನು ಮಂಚದ ಅಂಚಿನಲ್ಲಿ ಕೂತು ಆ ಪಾದವನ್ನು ಹಿಡಿದುಕೊಂಡೇ ಇದ್ದ. ಕಣ್ಣು ತುಂಬಿದ್ದು ಯಾಕೆಂದು ಯಾರಾದರೂ ಕೇಳಿದ್ದರೆ ಹತ್ತಿಯ ನವಿರು ಬಿತ್ತೆನ್ನುತ್ತಿದ್ದ. ಕೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ಅದೊಂದು ನಿತ್ಯದ ಕೆಲಸವಾಯಿತು. ಬಿಸಿನೀರಿನ ಚೀಲ ಇಟ್ಟರೂ ಆಗುತ್ತದೆ ಎಂದು ಮಗಳು ಹೇಳಿದಳು, ಒಂದನ್ನು ತಂದೂ ಕೊಟ್ಟಳು. ಹತ್ತಿಯಣ್ಣ ಅದನ್ನು ಗೂಟಕ್ಕೆ ನೇತುಹಾಕಿದ. ಸಂಜೆ ಊಟವಾದ ಮೇಲೆ ತಾನು ಮೊದಲು ಮಲಗುತ್ತಿದ್ದ. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು, ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಡುನಡುವೆ ರಜಾಯಿ ಎತ್ತಿ ಕೈ ಆಡಿಸಿ, "ಇನ್ನೂ ಕಾದಿಲ್ಲ, ಮಲ್ಕೊಳ್ಳಿ," ಎನ್ನುವಳು. ಕಾದಿದ್ದರೂ ಸುದ್ದಿ ಮುಗಿಯದಿದ್ದರೆ ಹಾಗೆಯೇ ಹೇಳುತ್ತಾಳೆಂಬ ಅನುಮಾನ ಅವನಿಗಿತ್ತು. ಅವನೂ ಕೇಳಲು ಹೋಗಲಿಲ್ಲ.

ಸುದ್ದಿ ಬೀದಿಗೆ ಹರಡದೆ ಇರುತ್ತದೆಯೇ? ಮಂಜುಗಡ್ಡೆಯ ಪಕ್ಕ ದಿನವಿಡೀ ನಿಂತು ಮೀನು ಮಾರುವ ಹೆಂಗಸು ಬಂದು ತನ್ನ ಬೂಟಿನೊಳಗೆ ಹಾಕಲು ಒಂದು ಜೊತೆ ಅಟ್ಟೆ ಮಾಡಿಕೊಡಿ ಎಂದಳು. ಎದುರು ಮನೆಯ ಹಸುಗೂಸಿನ ತೊಟ್ಟಿಲಿಗೆ ಪುಟ್ಟ ಹೊದಿಕೆಯೊಂದು ಹೋಯಿತು. ಅದನ್ನು ಬೆಚ್ಚಗಿಡುವ ಕೆಲಸ ಕೂಸೇ ಮಾಡಿಕೊಂಡಿತು. ಸೈಕಲ್ಲಿನಲ್ಲಿ ಚಹಾ ಮಾರುವವನ ಕೆಟಲಿಗೂ ಒಂದು ಕೋಟು ಹೊಲಿದದ್ದಾಯಿತು. ತುಂಡುಗಳು ಸಾಲದಾದಾಗ ಅಳಿಯ ಕಾರ್ಖಾನೆಯಲ್ಲಿ ಮಾತಾಡಿ ಹಾಳೆಯನ್ನೇ ಕೊಂಡು ತರತೊಡಗಿದ. ರಜೆಯ ದಿನಗಳಲ್ಲಿ ಅವನು ಅಂಗಡಿಯಲ್ಲೇ. ಹತ್ತಿ ಕೇಳಿಕೊಂಡು ಬಂದವರಿಗೆ ಹತ್ತಿಯಣ್ಣ ಹತ್ತಿಯದನ್ನೇ ಕೊಡುತ್ತಿದ್ದ, ಮೊದಲಿನಷ್ಟೇ ಅಕ್ಕರೆಯಿಂದ. ಆದರೆ ಕೊಡುವ ಮುಂಚೆ ಈಗೊಂದು ಪ್ರಶ್ನೆ ಕೇಳುತ್ತಿದ್ದ: "ಯಾರು ಹೊದಿಯೋದು? ಅವರ ಮೈ ಹೇಗಿದೆ?"

ಚಳಿ ಕಳೆಯಿತು. ಹೆಂಡತಿಯ ಪಕ್ಕೆ ಕೂಡಿಕೊಂಡಿತು. ಮೂಳೆಗಳು ಮೊದಲಿನ ಹಾಗಾಗಲಿಲ್ಲ, ಆಗುವುದೂ ಇಲ್ಲ ಎಂದು ವೈದ್ಯರು ಹೇಳಿದ್ದರು. ಆದರೆ ನಿದ್ದೆ ಬಂದದ್ದಕ್ಕೋ ಏನೋ ಊಟ ಸೇರತೊಡಗಿ, ಕೆನ್ನೆ ಸ್ವಲ್ಪ ತುಂಬಿತು. ಮಗಳ ತೋಳು ಹಿಡಿದು ಮೆಟ್ಟಿಲಿಳಿದು ಅಂಗಡಿಯ ಮುಂದೆ ಕೂರುವಷ್ಟಾದಳು. ಒಂದು ಬಿಸಿಲಿನ ದಿನ ಹತ್ತಿಯಣ್ಣ ರಜಾಯಿಯನ್ನು ಹಗ್ಗದ ಮೇಲೆ ಗಾಳಿಗೆ ಹಾಕುತ್ತಿದ್ದಾಗ ಅವಳು ಕೂತಲ್ಲಿಂದಲೇ ಅದನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

"ಮುಂದಿನ ಚಳಿಗೆ ಇದನ್ನ ಅಗಲ ಮಾಡ್ಬೇಕು."

"ಯಾಕೆ? ನಿಂಗೆ ಸಾಲಲ್ವಾ?"

"ನಂಗೆ ಸಾಲುತ್ತೆ. ನೀವು ಬಿಸಿ ಮಾಡ್ಕೊಟ್ಟು ಎದ್ದು ಹೋಗಿ ಆ ಕಡೆ ಒಬ್ರೇ ಮಲಗ್ತೀರಲ್ಲ, ನೋಡಕ್ಕೆ ಚೆನ್ನಾಗಿಲ್ಲ. ಕೆಲಸಕ್ಕೆ ಇಟ್ಕೊಂಡ ಹಾಗಿದೆ."

ಒಳಗೆ ಕತ್ತರಿ ಹಿಡಿದು ಕೂತಿದ್ದ ಅಳಿಯ ಕೇಳಿಸದವನ ಹಾಗೆ ತಲೆ ತಗ್ಗಿಸಿದ. ಹತ್ತಿಯಣ್ಣ ಕೆಮ್ಮಿದ. ಹಗ್ಗದ ಮೇಲಿನ ರಜಾಯಿಯನ್ನು ಸುಮ್ಮನೆ ಒಮ್ಮೆ ಸರಿಪಡಿಸಿದ. ಆಮೇಲೆ ಒಳಗೆ ಬಂದು, "ಏ ಮಗಾ, ಹಾಳೆ ಇನ್ನೂ ಎಷ್ಟು ಉಳಿದಿದೆ ನೋಡು," ಎಂದ.

ಅಳಿಯ ಸುರುಳಿ ಬಿಚ್ಚಿ ಒಂದು ತುದಿ ಅವನ ಕೈಗೆ ಕೊಟ್ಟ, ಇನ್ನೊಂದು ತುದಿ ಹಿಡಿದು ಬಾಗಿಲವರೆಗೆ ನಡೆದ.

"ಇಷ್ಟು ಸಾಕಾ ಅತ್ತೆ?"

"ಇನ್ನೂ ಸ್ವಲ್ಪ," ಎಂದಳು ಅವಳು ಹೊರಗಿನಿಂದ. "ನಿಮ್ಮ ಮಾವ ಕಾಲು ಅಗಲ ಮಾಡಿ ಮಲಗ್ತಾರೆ."